ಖಾಲಿ ಪ್ರಮಾಣಪತ್ರಕ್ಕೆ ಹಾಕಿದ ಸಹಿ

ಕೋವಿಡ್ ಹಾವಳಿ ತಗ್ಗಿ ಕಾಲೇಜುಗಳು ಮತ್ತೆ ಹಳಿಗೆ ಬಂದ ಮರುವರ್ಷ. ನಾನಾಗ ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮೊಣಕಾಲು ನೋವು, ಮೌಲ್ಯಮಾಪನ, ತಪಾಸಣಾ ಸಮಿತಿಯ ಕಡತಗಳು ಎಂದು ಒದ್ದಾಡುತ್ತಿದ್ದಾಗಲೇ ವಿಜ್ಞಾನ ಅಕಾಡೆಮಿಯೊಂದರಿಂದ ಪತ್ರ ಬಂತು. ವೈದ್ಯಕೀಯ ಮತ್ತು ಜೀವವಿಜ್ಞಾನದಲ್ಲಿ ನ್ಯಾನೋ ತಂತ್ರಜ್ಞಾನದ ಬಳಕೆ ಕುರಿತು ಎರಡು ದಿನದ ಕಾರ್ಯಾಗಾರವನ್ನು ನಿಮ್ಮಲ್ಲಿ ನಡೆಸಬಹುದೇ ಎಂದು ಕೇಳಿದ್ದರು. ಪ್ರಾಂಶುಪಾಲರು ನನ್ನನ್ನು ಸಂಯೋಜಕಿ ಮಾಡಿದರು. ಬೇಡವೆಂದು ವಾದಿಸುವಷ್ಟು ಕಸುವು ನನ್ನಲ್ಲಿರಲಿಲ್ಲ.

ಕೂದಲೆಳೆಯ ದಪ್ಪವನ್ನು ಸುಮಾರು ಎಂಬತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಅಂಥ ಅಳತೆಯ ಕಣಗಳಲ್ಲಿ ಔಷಧ ತುಂಬಿ ದೇಹದೊಳಗೆ ಬೇಕಾದ ಜಾಗಕ್ಕೇ ಮುಟ್ಟಿಸುವುದು ಈ ವಿಜ್ಞಾನದ ಆಸೆ. ಬಂದ ಉಪನ್ಯಾಸಕರು ಚೆನ್ನಾಗಿಯೇ ಹೇಳಿದರು. ಎರಡನೆಯ ದಿನ ಮಧ್ಯಾಹ್ನ ಒಬ್ಬರು ನುಂಗುವ ಇನ್ಸುಲಿನ್ ಬಗ್ಗೆ ಮಾತಾಡಿದರು. ಇನ್ಸುಲಿನ್ ಬಾಯಿಂದ ಹೋದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ, ಅದಕ್ಕೇ ಸೂಜಿ ಬೇಕು. ನ್ಯಾನೋ ಕಣದ ಕವಚ ತೊಡಿಸಿದರೆ ಮುಂದೊಂದು ದಿನ ಸೂಜಿಯ ಹಂಗು ತಪ್ಪಬಹುದು ಎಂದರು. ಇದೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿದೆ, ಯಾರೂ ಸೂಜಿ ಬಿಡಬಾರದು ಎಂಬುದು ಅವರ ಕೊನೆಯ ಸ್ಲೈಡಿನಲ್ಲಿತ್ತು. ಅದು ಪರದೆಯ ಮೇಲೆ ಬರುವ ಹೊತ್ತಿಗೆ ಅರ್ಧ ಸಭೆ ಎದ್ದು ಪ್ರಮಾಣಪತ್ರದ ಮೇಜಿನ ಮುಂದೆ ಸಾಲು ನಿಂತಿತ್ತು.

ಅಕಾಡೆಮಿಯ ಹೆಸರಿದ್ದ ಆ ಪ್ರಮಾಣಪತ್ರಗಳಿಗೆ ಸಂಯೋಜಕಿಯಾಗಿ ನಾನು ಹಿಂದಿನ ದಿನವೇ ಸಹಿ ಹಾಕಿಟ್ಟಿದ್ದೆ. ಹೆಸರಿನ ಜಾಗ ಖಾಲಿ. ಯಾರು ಬಂದರು, ಎಷ್ಟು ಹೊತ್ತು ಕೂತರು ಎಂದು ನೋಡಿ ಕೊಡಬೇಕಾಗಿತ್ತು. ಕೇಳಿದವರಿಗೆಲ್ಲ ಹೆಸರು ಬರೆದು ಕೊಟ್ಟೆವು. ಅತಿಥಿಗಳ ರೈಲಿನ ಹೊತ್ತಾಗಿತ್ತು, ನನ್ನ ಕಾಲು ಬಾತಿತ್ತು. ಒಮ್ಮೆ ಮುಗಿದರೆ ಸಾಕಾಗಿತ್ತು.

ಎಂಟು ತಿಂಗಳ ಮೇಲೆ ಒಂದು ಸೋಮವಾರ ಬೆಳಿಗ್ಗೆ ನಮ್ಮ ಲ್ಯಾಬ್ ಅಟೆಂಡರ್ ನಿಂಗಪ್ಪ ಬಾಗಿಲಲ್ಲಿ ನಿಂತ.

“ಮೇಡಂ, ಒಂದು ಮಾತು ಕೇಳ್ಲೇನ್ರಿ? ನಿಮ್ಮ ನ್ಯಾನೋ ಔಷಧ ಎಷ್ಟು ತಿಂಗಳು ತಗೋಬೇಕ್ರಿ?”

“ನನ್ನ ಔಷಧ ಯಾವುದಪ್ಪಾ?”

“ದೇಶನೂರಾಗ ನಮ್ಮಕ್ಕ ಹುಲಿಗೆಮ್ಮ ಅದಾಳಲ್ರಿ, ಆಕಿಗೆ ಸಕ್ಕರಿ ಕಾಯಿಲಿ. ಕುರುಗೋಡಿನ ವೀರೇಶ ಅನ್ನಾವ್ರ ಹತ್ರ ನ್ಯಾನೋ ಹನಿ ಔಷಧ ತಗೊಳ್ಳಾಕ ಹತ್ಯಾಳ. ಸೂಜಿ ಬಿಟ್ಟು ನಾಕು ತಿಂಗಳಾತು. ಕಾಲಿಗೆ ಹುಣ್ಣಾಗೈತಿ, ಮಾಯವಲ್ದು. ಅವರ ಅಂಗಡ್ಯಾಗ ನಿಮ್ಮ ಸಹಿ ಇರೋ ಸರ್ಟಿಫಿಕೇಟ್ ಐತ್ರಿ, ಕಟ್ಟು ಹಾಕ್ಸಿ ಗ್ವಾಡಿಗೆ ಹಾಕ್ಯಾರ. ಅದನ್ನ ನೋಡೇ ನಾನೂ ಅಕ್ಕಗ ಧೈರ್ಯ ಹೇಳಿದ್ದೆ.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆ ಖಾಲಿ ಪ್ರಮಾಣಪತ್ರಗಳು ನೆನಪಾದವು. ಆ ದಿನದ ತರಗತಿಗಳನ್ನು ಬಿಟ್ಟು ನಿಂಗಪ್ಪನ ಜೊತೆ ದೇಶನೂರಿಗೆಂದು ಸಿರುಗುಪ್ಪದ ಬಸ್ಸು ಹತ್ತಿದೆ.

ಹುಲಿಗೆಮ್ಮ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಭತ್ತದ ನಾಟಿಗೆ ಹೆಣ್ಣಾಳುಗಳ ತಂಡ ಕಟ್ಟಿಕೊಂಡು ಹೋಗುವಾಕೆ. ಜಗಲಿಯ ಮೇಲೆ ಎಡಗಾಲು ಚಾಚಿ ಕೂತಿದ್ದಳು. ಬಟ್ಟೆ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು. ನೋವಿಲ್ಲವೆಂದಳು. ಸಕ್ಕರೆ ಕಾಯಿಲೆಯಲ್ಲಿ ನೋವೇ ಗೊತ್ತಾಗದಿರುವುದು ಎಷ್ಟು ಕೆಟ್ಟ ಲಕ್ಷಣವೆಂದು ನನಗೆ ತಿಳಿದಿತ್ತು.

“ಸೂಜಿ ಯಾಕೆ ಬಿಟ್ಟಿರಿ?” ಎಂದೆ.

“ಬೈಬ್ಯಾಡ್ರಿ ಅಮ್ಮಾ. ಹೊತ್ತು ಮುಳುಗೋತನಕ ಗದ್ದ್ಯಾಗ ನೀರಾಗ ನಿಂತಾಕಿ ನಾ. ಸೂಜಿ ಎಲ್ಲಿ ಇಟ್ಕೊಳ್ಳಿ, ಯಾವಾಗ ಚುಚ್ಕೊಳ್ಳಿ? ಹನಿ ಆದ್ರ ಸೆರಗಿನ ತುದಿಗೆ ಕಟ್ಕೊಂಡು ಹೋಗಬೋದು. ಸಾಲಿ ಕಲ್ಸೋ ದೊಡ್ಡ ಮೇಡಂ ಸಹಿ ಹಾಕ್ಯಾರ ಅಂದ್ರು.”

ನಾನೇ ಆ ಮೇಡಂ ಎಂದು ನಿಂಗಪ್ಪ ಹೇಳಿದ. ಆಕೆ ನನ್ನ ಮುಖ ನೋಡಿದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದೇ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆತಂದೆವು. ಇನ್ಸುಲಿನ್ ಮತ್ತೆ ಶುರುವಾಯಿತು; ಎರಡು ಬೆರಳು ತೆಗೆದರು. ಹತ್ತು ದಿನದ ಮೇಲೆ ಪಾದದ ಮುಂಭಾಗವನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು. ಕೆಸರಿನಲ್ಲಿ ನಿಲ್ಲುವುದು ಇನ್ನು ಆಗದ ಮಾತು.

ಆ ನಡುವೆ ಒಂದು ದಿನ ಕುರುಗೋಡಿಗೆ ಹೋದೆ. ವೀರೇಶ ಮೂವತ್ತೈದರ ಆಸುಪಾಸಿನವನು, ಬಿಳಿ ಅಂಗಿ, ಮೃದು ಮಾತು. ನನ್ನನ್ನು ಕಂಡೊಡನೆ ಕಾಲಿಗೆ ಬಿದ್ದ. ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಪ್ರಮಾಣಪತ್ರವಿತ್ತು. ಹುಲಿಗೆಮ್ಮನ ಕಾಲಿನ ಸುದ್ದಿ ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು, ಆದರೆ ಮಾತು ನಿಲ್ಲಲಿಲ್ಲ.

“ನಾ ಸುಳ್ಳು ಹೇಳಿಲ್ರಿ ಮೇಡಂ. ನಿಮ್ಮ ಸಭಾದಾಗ ಕೇಳಿದ್ದನ್ನ ಹೇಳೀನಿ.”

“ಯಾರೂ ಸೂಜಿ ಬಿಡಬಾರದು ಅಂತ ಕೊನೆಯಲ್ಲಿ ಹೇಳಿದ್ದು ಕೇಳಲಿಲ್ಲವಾ?”

“ಅಷ್ಟೊತ್ತಿಗೆ ಸರ್ಟಿಫಿಕೇಟ್ ಕೊಡಾಕ ಹತ್ತಿದ್ರಲ್ರಿ.”

ಅವನು ಬಂದದ್ದೇ ಎರಡನೆಯ ದಿನ ಊಟದ ಹೊತ್ತಿಗಂತೆ. ಅದನ್ನು ಗೋಡೆಯಿಂದ ಇಳಿಸು ಎಂದೆ. “ಹೆಸರು ನಂದೈತಿ, ಸಹಿ ನಿಮ್ಮದೈತಿ. ಇದರಾಗ ಸುಳ್ಳೇನೈತ್ರಿ?” ಎಂದ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಹೊರಬಂದೆ.

ದೂರು ಕೊಡುವುದು ಸುಲಭವಿರಲಿಲ್ಲ. ಆ ಕಾಗದಕ್ಕೆ ಬೆಲೆಯಿಲ್ಲವೆಂದು ಬರೆಯಬೇಕಾದರೆ ನಾನು ಖಾಲಿ ಹಾಳೆಗೆ ಸಹಿ ಹಾಕಿದ್ದೆನೆಂದೂ ಬರೆಯಬೇಕು. ಪ್ರಾಂಶುಪಾಲರು ಒಳ್ಳೆಯವರೇ. “ನಿವೃತ್ತಿ ಹತ್ರ ಬಂದೈತ್ರಿ. ಆತನ ಮ್ಯಾಲೆ ಬರೀರಿ, ಸಹಿ ವಿಷಯ ಬಿಡ್ರಿ” ಎಂದರು. ಮೂರು ದಿನ ನಾನೂ ಹಾಗೇ ಯೋಚಿಸಿದೆ. ಎರಡು ಸಲ ಸಹಿ ವಿಷಯ ಬಿಟ್ಟೇ ಪತ್ರ ಬರೆದೆ, ಹರಿದೆ. ನಾಲ್ಕನೆಯ ದಿನ ಆಸ್ಪತ್ರೆಯ ವಾರ್ಡಿಗೆ ಹೋದಾಗ ಹುಲಿಗೆಮ್ಮ ತನ್ನ ಪಕ್ಕದ ಹಾಸಿಗೆಯವಳಿಗೆ ನನ್ನನ್ನು ತೋರಿಸಿ, “ಇವರೇ ನನ್ನ ಜೀವಾ ಉಳಿಸಿದೋರು” ಎಂದಳು. ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಬರೆದು ಆರೋಗ್ಯಾಧಿಕಾರಿಗಳಿಗೂ ಅಕಾಡೆಮಿಗೂ ಕಳಿಸಿದೆ.

ವೀರೇಶನ ಅಂಗಡಿಗೆ ಬೀಗ ಬಿತ್ತು. ಅವನು ಆಂಧ್ರದ ಕಡೆ ಹೋದನೆಂದು ಕೇಳಿದೆ; ಅಲ್ಲಿ ಏನು ಮಾರುತ್ತಿದ್ದಾನೋ ತಿಳಿಯದು. ಅಕಾಡೆಮಿ ಅವನ ಪ್ರಮಾಣಪತ್ರ ರದ್ದುಮಾಡಿತು, ನಮ್ಮ ಕಾಲೇಜಿಗೆ ಮತ್ತೆ ಕಾರ್ಯಾಗಾರ ಕೊಡಲಿಲ್ಲ. ನನಗೊಂದು ಎಚ್ಚರಿಕೆಯ ಪತ್ರ ಬಂತು. ಮೂವತ್ತೆರಡು ವರ್ಷದ ಕೆಲಸದ ಕಡತದಲ್ಲಿ ಕೊನೆಯ ಹಾಳೆ ಅದು.

ನಿವೃತ್ತಿಗೆ ಮುಂಚೆ ಸಿರುಗುಪ್ಪದ ಒಂದು ಶಾಲೆಯ ಕೋಣೆಯಲ್ಲಿ ಆಶಾ ಕಾರ್ಯಕರ್ತೆಯರಿಗೂ ಸಕ್ಕರೆ ಕಾಯಿಲೆಯವರಿಗೂ ಅರ್ಧ ಗಂಟೆ ಮಾತಾಡಿದೆ. ಸ್ಲೈಡಿಲ್ಲ, ಪ್ರಮಾಣಪತ್ರವಿಲ್ಲ. ನ್ಯಾನೋ ಔಷಧ ಇನ್ನೂ ಏನನ್ನು ಮಾಡಲಾರದು ಎಂಬುದರಿಂದಲೇ ಶುರು ಮಾಡಿದೆ. ಹತ್ತೊಂಬತ್ತು ಜನ ಬಂದಿದ್ದರು. ಹುಲಿಗೆಮ್ಮ ಕೋಲೂರಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಪ್ರಶ್ನೆಗಳಿವೆಯೇ ಎಂದಾಗ ಆಕೆಯೊಬ್ಬಳೇ ಕೈ ಎತ್ತಿದಳು.

“ಅಮ್ಮಾ, ಬಳ್ಳಾರ್ಯಾಗ ಅಷ್ಟು ದೊಡ್ಡ ಸಭಾ ಮಾಡಿದ್ರಂತಲ್ಲ. ಅವತ್ತ ನಮ್ಮನ್ನ್ಯಾಕ ಕರೀಲಿಲ್ಲ?”

ಸೂಜಿ ಚುಚ್ಚಿಕೊಳ್ಳುವವರಿಗೂ ಈ ವಿಷಯ ಬೇಕಾದೀತೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದನ್ನು ಹಾಗೆಯೇ ಹೇಳಿದೆ. ನನ್ನ ಉದ್ಯೋಗ ಕಲಿಸಿದ ಪಾಠವೂ ಅಷ್ಟೇ, ಕಲಿತದ್ದು ತಡವಾಯಿತು. ಆಕೆ ತಲೆಯಾಡಿಸಿ, “ಆತು, ಮುಂದ ಹೇಳ್ರಿ” ಎಂದಳು.