ಬಟ್ಟೆಗೆ ಮಾತ್ರ ವಿಶ್ರಾಂತಿ

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಟೆಕ್ಸ್‌ಟೈಲ್ ಟೆಕ್ನಾಲಜಿಸ್ಟ್. ಬಟ್ಟೆಯ ಗುಣ, ಬಣ್ಣ, ಅಳತೆ ನನ್ನ ಜವಾಬ್ದಾರಿ. ಟೀ ಶರ್ಟಿನ ಬಟ್ಟೆ ಬಿಗಿಯಾಗಿ ಸುತ್ತಿಕೊಂಡು ಬರುತ್ತದೆ. ಬಂದ ಕೂಡಲೇ ಕತ್ತರಿಸುವಂತಿಲ್ಲ. ಸುರುಳಿ ಬಿಚ್ಚಿ, ರ‍್ಯಾಕಿನ ಮೇಲೆ ಸಡಿಲವಾಗಿ ಹಾಸಿ, ಇಡೀ ದಿನ ಮಲಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಶರ್ಟು ಕುಗ್ಗಿ ಹೊಕ್ಕಳಿನ ಮೇಲೆ ಬಂದು ಕೂರುತ್ತದೆ. ನಿಮಿಷ ನಿಮಿಷಕ್ಕೂ ಲೆಕ್ಕ ಕೇಳುವ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಕೂಡ ಆ ರ‍್ಯಾಕುಗಳ ಹತ್ತಿರ ಬಾಲ ಮುದುರಿಕೊಳ್ಳುತ್ತಾನೆ. ಯಾಕೆಂದರೆ ಅದು ವಿದೇಶದ ಬೈಯರ್‌ನ ಕಟ್ಟಪ್ಪಣೆ.

ಹೊಲಿಯುವ ಹೆಂಗಸರಿಗೂ ಒಂದು ವಿಶ್ರಾಂತಿ ಕೋಣೆ ಇದೆ. ಬಾಗಿಲ ಮೇಲೆ ಬೋರ್ಡೂ ಇದೆ. ಒಳಗೆ ತಾರಸಿ ಮುಟ್ಟುವಷ್ಟು ರಟ್ಟಿನ ಪೆಟ್ಟಿಗೆ. ಬೈಯರ್ ಕಡೆಯ ಆಡಿಟ್‌ನವರು ತಪಾಸಣೆಗೆ ಬರುವ ದಿನ ಮಾತ್ರ ಅಲ್ಲಿ ಮಂಚ ಹುಟ್ಟಿಕೊಳ್ಳುತ್ತದೆ.

ಹಾಗಾಗಿಯೇ ಆವತ್ತು ತಲೆ ಸುತ್ತಿ ಬಂದ ಒಬ್ಬಳು ಬಸುರಿ ಟೈಲರ್, ಮೇಲಿನ ಹೊಲಿಗೆ ಮಹಡಿಯಿಂದ ಇಳಿದು ಬಂದು ನನ್ನ ರ‍್ಯಾಕಿಗೆ ಒರಗಿ ಕುಸಿದು ಕೂತಳು. ಯಾದಗಿರಿ ಕಡೆಯವಳು. ನೀರು ಕೊಟ್ಟೆ.

"ಹ್ವಾದ ಸಲದ್ದು ನಿಲ್ಲಲಿಲ್ರೀ ಅಕ್ಕಾರ. ಇದಾದ್ರೂ ಉಳೀಲಿ ಅಂತ..." ಎಂದಳು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಅವನು ಮೊದಲು ನೋಡಿದ್ದು ಅವಳ ತಲೆ ತಾಗಿದ್ದ ಬಟ್ಟೆಯನ್ನು.

"ಎದ್ದೇಳಮ್ಮ, ಎಣ್ಣೆ ಕಲೆ ಆಗುತ್ತೆ. ಮೇಲೆ ನಿನ್ ಪೀಸ್ ರಾಶಿ ಬಿದ್ದಿದೆ."

"ಸ್ವಲ್ಪ ಹೊತ್ತು ಮಲಗಲಿ ಸಾರ್," ಎಂದೆ.

"ನೀವು ಬಟ್ಟೆ ನೋಡ್ಕೊಳ್ಳಿ ಮೇಡಂ. ಜನಾನ ನಾವು ನೋಡ್ಕೋತೀವಿ."

ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಸರಿ, ಬಟ್ಟೆಯನ್ನೇ ನೋಡಿಕೊಳ್ಳೋಣ ಎಂದುಕೊಂಡು ನಾನೂ ಹಿಂದೆಯೇ ಹೋಗಿ, ಅವಳ ಲೈನಿನವರು ಹೊಲಿಯುತ್ತಿದ್ದ ಬಟ್ಟೆಯ ಲಾಟನ್ನೇ ತಡೆದೆ.

"ಈ ಬಟ್ಟೆ ಮೇಲೆ ಡೌಟಿದೆ. ಒಗೆದು, ಒಣಗಿಸಿ, ಅಳತೆ ನೋಡೋವರೆಗೂ ಯಾರೂ ಒಂದು ಹೊಲಿಗೆ ಹಾಕೋ ಹಾಗಿಲ್ಲ."

ಡೌಟು ಎಂಥದ್ದೂ ಇರಲಿಲ್ಲ, ಹಸಿ ಸುಳ್ಳು. ಮ್ಯಾನೇಜರ್ ಹಲ್ಲು ಕಚ್ಚಿದ, ಆದರೆ ಬೈಯರ್‌ಗೆ ಹೆದರಿ ತಾನೇ ಕೈ ಎತ್ತಿ ಲೈನ್ ನಿಲ್ಲಿಸಿದ. ಲೈನಿನ ಮಷಿನ್‌ಗಳೆಲ್ಲ ನಿಂತವು. ಅವಳು ತನ್ನ ಮಷಿನ್ ಮೇಲೆ ತಲೆಯಿಟ್ಟು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದಳು.

ಗೆದ್ದೆ ಅಂತ ಅನ್ನಿಸಲಿಲ್ಲ. ಸಿಟ್ಟು ಇನ್ನೂ ಏರಿತು. ನಮ್ಮಪ್ಪ ದುಡಿದ ಸರ್ಕಾರಿ ಕಾರ್ಖಾನೆಯಲ್ಲಿ ತಲೆನೋವು ಎಂದರೂ ಡಿಸ್ಪೆನ್ಸರಿಗೆ ಕಳಿಸುತ್ತಿದ್ದರು. ಇಲ್ಲಿ ಹೊಟ್ಟೆಯಲ್ಲಿ ಮಗು ಇದೆ ಎಂದರೆ ನಿಲ್ಲದ ಲೈನು, ಶರ್ಟು ಕುಗ್ಗುತ್ತದೆ ಎಂದರೆ ನಿಲ್ಲುತ್ತದೆ. ಥೂ, ಇದೂ ಒಂದು ಕಾರ್ಖಾನೆ! ನಾನು ಕಲಿತ ವಿದ್ಯೆಯಲ್ಲಿ ಬಟ್ಟೆಯ ಪರವಾಗಿ ಎಷ್ಟು ಬೇಕಾದರೂ ಜಗಳವಾಡಬಹುದು, ಅದನ್ನು ಹೊಲಿಯುವವಳ ಪರವಾಗಿ ಬಾಯಿ ತೆರೆಯುವಂತಿಲ್ಲ.

ಸಂಜೆಯ ಹೊತ್ತಿಗೆ ಬಟ್ಟೆ ಪಾಸಾಯಿತು. ಆಗದೆ ಎಲ್ಲಿಗೆ ಹೋದೀತು? ನಾನೇ ಸಹಿ ಹಾಕಿ ಹೊರಟೆ. ಗೇಟಿನಾಚೆ ಅವಳು ಕಾಯುತ್ತಾ ನಿಂತಿದ್ದಳು. ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂದು ಸುತ್ತ ನೋಡಿ, ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಅಕ್ಕಾರ, ನಾಳಿನೂ ಬಟ್ಟಿ ಕೆಟ್ಟಿರ್ತೈತೇನ್ರೀ?"