ಗಿಟಾರಿಗೆ ಬಗ್ಗದ ಗಾಂಧಾರ

ಬೆಳಗಿನ ಐದು ಗಂಟೆ. ವೆಸ್ಟ್ ಕೊವಿನಾದ ಈ ಮನೆಯ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ, ಮುಚ್ಚಳ ಬಿಚ್ಚಿದ ಹಾರ್ಮೋನಿಯಂಗಳೇ ತುಂಬಿವೆ. ಅರವತ್ಮೂರರ ಓಂಕಾರಪ್ಪ ಸ್ವರ ಹೊರಡಿಸುವ ಒಂದು ಹಿತ್ತಾಳೆ ರೀಡನ್ನು ಊದುತ್ತಾರೆ, ಕಿವಿಗೊಡುತ್ತಾರೆ, ಸಣ್ಣ ಅರದಿಂದ ಒಮ್ಮೆ ಕೆರೆದು ಮತ್ತೆ ಊದುತ್ತಾರೆ. ನಾನು ಕುರ್ಚಿ ಎಳೆದುಕೊಂಡರೆ ಕಣ್ಣಲ್ಲೇ ಗದರುತ್ತಾರೆ.

"ಏಳಕ್ಕ ಬಾಜೂ ಮನಿಯವ್ರು ಎಲಿ ಊದೋ ಮಷೀನ್ ಚಾಲೂ ಮಾಡ್ತಾರ್ರಿ. ಆಮ್ಯಾಲೆ ಸುರ ಕೇಳ್ಸೂದಿಲ್ಲ."

ಅವರನ್ನು ಹುಡುಕಿಕೊಂಡು ಬರಲು ಕಾರಣ ಒಂದು ಬಂಗಾಳಿ ರಾಕ್ ಆಲ್ಬಮ್. ಸ್ಯಾನ್ ಡಿಯೇಗೋದ ಗಾಯಕಿ ಪಾರಮಿತಾ ಸಾನ್ಯಾಲ್ ಅವರ ಮೊದಲೆರಡು ಆಲ್ಬಮ್‌ಗಳನ್ನು ಕೇಳಿದವರೇ ಕಡಿಮೆ. 2023ರಲ್ಲಿ ಬಂದ ಮೂರನೆಯದು, ‘ನೋನಾ ದುಪುರ್’, ಅವರನ್ನು ಬಂಗಾಳಿಗಳ ಮನೆಮಾತಾಗಿಸಿತು. ಉಪ್ಪುಗಾಳಿಯ ಮಧ್ಯಾಹ್ನ ಎಂದು ಅರ್ಥವಂತೆ. ಅದೇ ಹೆಸರಿನ ಹಾಡಿನ ನಡುವೆ ಗಿಟಾರು, ಡ್ರಮ್ಮು ಎಲ್ಲ ತಟ್ಟನೆ ನಿಂತು, ಪಾರಮಿತಾರ ದನಿಯೊಂದಿಗೆ ಹಾರ್ಮೋನಿಯಂನ ಒಂದೇ ಸ್ವರ ಉಳಿಯುತ್ತದೆ. ನನಗೆ ಆ ಭಾಷೆ ಬರದು, ಆದರೂ ಅಲ್ಲಿಗೆ ಬಂದಾಗಲೆಲ್ಲ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತೇನೆ. ಅದು ಯಾರ ಕೈಚಳಕ ಎಂದು ಕೆದಕುತ್ತ ಹೋದಾಗ ಈ ಗರಾಜು ಸಿಕ್ಕಿತು.

ಓಂಕಾರಪ್ಪ ಹುಬ್ಬಳ್ಳಿಯ ವಾದ್ಯದಂಗಡಿಯಲ್ಲಿ ಕೆಲಸ ಕಲಿತವರು. ಹೆಂಡತಿ ಶೋಭಾ ನರ್ಸ್. "ಆಕಿಗೆ ಇಲ್ಲಿ ನೌಕರಿ ಸಿಕ್ತು, ನಾ ಆಕಿ ಬೆನ್ನ ಹತ್ತಿ ಬಂದೆ" ಎನ್ನುತ್ತಾರೆ. ಇಪ್ಪತ್ತು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಸೊಂಟ ಸೋತಿದೆ. ಈಗ ಇದೇ ಕೆಲಸ. ಒಂದು ಹಾರ್ಮೋನಿಯಂಗೆ ಎಂಬತ್ನಾಲ್ಕು ರೀಡು, ಬೆಳಗಿನ ಎರಡೆರಡು ತಾಸಿನಂತೆ ಎಂಟು ದಿನ.

ಪಾರಮಿತಾ ತಂದದ್ದು ತಮ್ಮ ಅಜ್ಜಿಯ ಹಾರ್ಮೋನಿಯಂ. ಓಂಕಾರಪ್ಪ ತಾವು ಕಲಿತ ಪದ್ಧತಿಯಂತೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಷಡ್ಜ ಯಾವುದು? ಆಕೆಯನ್ನು ಹಾಡಿಸಿ, ಆ ಕಂಠಕ್ಕೆ ಹೊಂದುವಂತೆ ಒಂದೊಂದೇ ಸ್ವರ ಕೂಡಿಸಿದರು. ಜೊತೆಗೆ ಗಿಟಾರ್ ಇದೆಯೇ ಎಂದು ಕೇಳುವುದು ಹೊಳೆಯಲೇ ಇಲ್ಲ. ಗಿಟಾರಿನ ಗಾಂಧಾರವೋ, ಇವರು ಕೂಡಿಸಿದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ. ಕಲ್ವರ್ ಸಿಟಿಯ ಸ್ಟುಡಿಯೋದಲ್ಲಿ ಎರಡನ್ನೂ ಸೇರಿಸಿದಾಗ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ರೆಕಾರ್ಡಿಂಗ್‌ಗೆ ಉಳಿದದ್ದು ಒಂದೇ ದಿನ. ಇದನ್ನು ಕೈಬಿಟ್ಟು ಕಂಪ್ಯೂಟರಿನಲ್ಲೇ ಹಾರ್ಮೋನಿಯಂ ಸದ್ದು ಹಾಕೋಣ ಎಂದರು ಸೌಂಡ್ ಎಂಜಿನಿಯರ್.

"ತಪ್ಪು ನಂದ್ರಿ. ಅಜ್ಜಿ ಪೆಟ್ಟಿಗಿ ನನ್ನ ಕೈಯಿಂದ ಮೂಲಿ ಸೇರಬಾರದಿತ್ತು."

ಸುದ್ದಿ ತಿಳಿದು ಮರುದಿನ ಕತ್ತಲಿರುವಾಗಲೇ ಅರ ಹಿಡಿದು ಸ್ಟುಡಿಯೋಗೆ ಹೋದರು. ಮಧ್ಯಾಹ್ನದೊಳಗೆ ಆ ಹಾಡಿಗೆ ಬೇಕಾದ ಸ್ವರಗಳನ್ನು ಗಿಟಾರಿಗೆ ಹೊಂದಿಸಿದರು. ಉಳಿದದ್ದು ನಡುವಿನ ಸಪ್ತಕದ ಗಾಂಧಾರ. ಹಳೆಯ ರೀಡು, ಮೊದಲ ಸಲ ಕೆರೆದದ್ದಕ್ಕೇ ತೆಳ್ಳಗಾಗಿತ್ತು.

"ಇನ್ನೊಮ್ಮೆ ಅರ ಹಚ್ಚಿದ್ರ ಮುರೀತದ, ನಾ ಮುಟ್ಟೂದಿಲ್ಲವ್ವಾ ಅಂದೆ."

ಮುಂದಿನದನ್ನು ಪಾರಮಿತಾ ಫೋನಿನಲ್ಲಿ ಹೇಳುತ್ತಾರೆ: "ಓಂಕಾರಪ್ಪ ದಾದಾ ಆ ಸ್ವರ ಹಿಡಿದರು, ನಾನು ಅದರ ಜೊತೆ ಹಾಡಿದೆ. ಅಜ್ಜಿ ಪಕ್ಕದಲ್ಲೇ ಕೂತ ಹಾಗಿತ್ತು. ಗಿಟಾರಿನವನಿಗೆ, ಈ ಸ್ವರ ಬಂದಾಗ ನೀನೇ ಕೈ ತೆಗೆ ಅಂದೆ."

ಜನ ಮತ್ತೆ ಮತ್ತೆ ಕೇಳುವುದು ಆ ಜಾಗವನ್ನೇ. ಆಲ್ಬಮ್ಮಿನ ಹೆಸರುಪಟ್ಟಿಯಲ್ಲಿ ಊಟ ತಂದವರೂ ಇದ್ದಾರೆ, ಓಂಕಾರಪ್ಪ ಇಲ್ಲ. ಹಾಕುತ್ತೇವೆಂದರೂ ಇವರೇ ಬೇಡವೆಂದರಂತೆ. "ತಪ್ಪು ಮಾಡಿದಾಂವನ ಹೆಸರು ಯಾಕ್ ಬೇಕ್ರಿ?" ಎನ್ನುತ್ತಾರೆ. ನನಗಂತೂ ಬೇಸರವಾಯಿತು.

ಇಂದು ಸಂಜೆ ಸ್ಯಾನ್ ಡಿಯೇಗೋದಲ್ಲಿ ಪಾರಮಿತಾರ ಕಾರ್ಯಕ್ರಮ. ಗರಾಜಿನ ಮೇಜಿನ ಮೇಲಿರುವುದು ಅಜ್ಜಿಯ ಅದೇ ಹಾರ್ಮೋನಿಯಂ. ಓಂಕಾರಪ್ಪ ಒಂದು ತಗಡಿನ ಡಬ್ಬಿಯಿಂದ ಹೊಸ ರೀಡೊಂದನ್ನು ತೆಗೆದು ತೋರಿಸುತ್ತಾರೆ.

"ಹಳೇ ಗಾಂಧಾರ ಇವತ್ತಲ್ಲ ನಾಳೆ ಮುರೀತದ್ರಿ. ಅದಕ್ಕ ಇದನ್ನ ಮಾಡಿಟ್ಟೀನಿ."

ಈ ಸಲವಾದರೂ ಗಿಟಾರಿಗೆ ಹೊಂದಿಸಿದ್ದೀರಾ ಎಂದು ಕೇಳುತ್ತೇನೆ. ಅವರು ರೀಡನ್ನು ಊದಿ, ಸ್ವರ ಆರುವವರೆಗೆ ಕೇಳಿ, ಡಬ್ಬಿಗೆ ಹಾಕುತ್ತಾರೆ.

"ಯಾಕ್ರಿ? ಗಿಟಾರ್ ಈಗ ಸುಮ್ಮನಿರೂದು ಕಲ್ತದಲ್ಲ."