ಚನ್ನಬಸಮ್ಮ ತುಂಬಿದ ಉಡಿ

ಸುರಪುರದ ಕಡೆ, ಕೃಷ್ಣಾ ಹೊಳೆಯ ದಂಡೆಯ ಒಂದು ಊರಿನಲ್ಲಿ ದೇವಕ್ಕ ಎಂಬ ಸೂಲಗಿತ್ತಿ ಇದ್ದಳು. ಹೊಳೆ ದಂಡೆ ಮೀರಿದ ದಿನ ಹರಗೋಲಿನಲ್ಲಿ ಕುಳಿತು ಆಚೆ ದಡದ ಹೆಣ್ಣಿಗೆ ಹೆರಿಗೆ ಮಾಡಿಸಿ ಬಂದವಳು. ಗೌಡರ ಮನೆಯವರು ಹಿತ್ತಲ ಬಾಗಿಲಿಗೆ ಕರೆದರೆ, "ಕೂಸು ತಲಬಾಗಿಲದ್ದು, ನಾನೂ ತಲಬಾಗಿಲಿಂದನ ಬರ್ತೀನಿ" ಎಂದು ಅಂಗಳದಲ್ಲೇ ನಿಂತವಳು. ಆ ಮನೆಯಲ್ಲಿ ಹೆಣ್ಣು ಹುಟ್ಟಿತು. ಸಿಟ್ಟಿಗೆದ್ದ ಅತ್ತೆ, ಸೊಸೆಯ ಉಡಿಗೆ ಹಾಕಿದ್ದ ಅಕ್ಕಿಯನ್ನು ತಿರುಗಿ ಮೊರಕ್ಕೆ ಸುರಿಸಿಕೊಂಡಳು. ದೇವಕ್ಕ ಜಗಳ ಆಡಲಿಲ್ಲ. ಗುಡಿಸಲಿಗೆ ಹೋಗಿ, ತನ್ನ ಗಡಿಗೆಯಲ್ಲಿದ್ದ ಜೋಳ ತಂದು, ಎಲ್ಲರ ಎದುರಿಗೆ ಆ ಸೊಸೆಯ ಉಡಿ ತುಂಬಿದಳು. ಉಡಿಗೆ ಬಿದ್ದದ್ದು ಮೊರಕ್ಕೆ ಹೋಗಬಾರದು ಎಂಬ ಅವಳ ಮಾತನ್ನು ಊರಿಗೆ ಊರೇ ಆಮೇಲೆ ಆಡಿತು.

ಆಕೆಯ ಮಗ ಮರೆಪ್ಪ ಬಾವಿ ತೋಡುವವನು. ನೀರು ಕಾಣದ ಬಾವಿಗೆ ಕೂಲಿ ಮುಟ್ಟದವನು. ಆ ಮರೆಪ್ಪನ ಮಗಳೇ ನಮ್ಮ ಚನ್ನಬಸಮ್ಮ. ನಾವು ಮಡಿಲು ಅನ್ನುವುದನ್ನು ಅವರು ಉಡಿ ಅನ್ನುತ್ತಾರೆ. ಸೀಮಂತಕ್ಕೆ ಕುಬಸ ಅನ್ನುತ್ತಾರೆ. ಮಾತು ಬೇರೆ, ಕರುಳು ಒಂದೇ.

ನಮ್ಮ ಮಾದನಾಯಕನಹಳ್ಳಿಯಲ್ಲಿ ರಾಗಿ ತೂಗುತ್ತಿದ್ದ ಹೊಲಗಳ ಮೇಲೆ ಈಗ ಗೋದಾಮುಗಳು ಕುಂತಿವೆ. ಅವುಗಳ ಬೆನ್ನಿಗೆ, ಆ ಸೀಮೆಯಿಂದ ದುಡಿಯಲು ಬಂದವರ, ತಗಡಿನ ಸೂರಿನ ಬಾಡಿಗೆ ರೂಮುಗಳ ಸಾಲು. ಚನ್ನಬಸಮ್ಮನ ಗಂಡ ಇರಣ್ಣ ಗೋದಾಮಿನ ಕಾವಲುಗಾರ. ಅವಳು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಕೋಳಿ ಕೂಗದ ಆ ಸಾಲು ಅವಳ ರೊಟ್ಟಿಯ ಸದ್ದಿಗೇ ಏಳುತ್ತಿತ್ತು. ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸರಲ್ಲಿ ಯಾರಾದರೂ ಬಸಿರಾದರೆ ಗಂಡನ ನಂತರ ತಿಳಿಯುವುದು ಅವಳಿಗೇ. ಮೇಸ್ತ್ರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಕೆಟ್ಟ ಕಣ್ಣಿಗೆ ಗೊತ್ತಾದರೆ ಬಸಿರೇ ಹೋಗುತ್ತದೆ ಎಂದು ಆ ಹೆಂಗಸರು ಕುಬಸ ಆಗುವ ತನಕ ಹೊಟ್ಟೆ ಮುಚ್ಚಿಕೊಂಡೇ ತಿರುಗುವವರು.

ಅಂಗನವಾಡಿಗಳ ಮೇಲ್ವಿಚಾರಕಿ ಶಾಂಭವಿ ಬಂದು ಬಾಗಿಲು ಬಾಗಿಲು ತಟ್ಟಿದಾಗಲೂ ಎಲ್ಲ ಕಡೆ ಒಂದೇ ಉತ್ತರ: "ಇಲ್ಲಿ ಬಸುರಿ ಯಾರೂ ಇಲ್ರಿ." ಸೋತು ಆಕೆ ಚನ್ನಬಸಮ್ಮನ ಒಲೆಯ ಮುಂದೆ ಕುಕ್ಕರಿಸಿದಳು.

"ಅಮ್ಮಾ, ತಾಯಿ ಕಾರ್ಡ್ ಮಾಡಿಸ್ಕೊಡ್ತೀವಿ, ಮಾತ್ರೆ ಕೊಡ್ತೀವಿ, ಮಧ್ಯಾಹ್ನ ಬಿಸಿ ಊಟ, ಮೊಟ್ಟೆ, ಎಲ್ಲಾ ಇದೆ. ತಗೊಳ್ಳೋರೇ ಇಲ್ಲ. ನಿಮ್ಮ ಮಾತು ಕೇಳ್ತಾರಂತೆ, ನೀವೊಂದ್ಸಲ ಹೇಳಿ."

"ಹೇಳ್ತೀನಿ ಯವ್ವಾ. ಆದ್ರ ನೀ ಮಾತು ತಪ್ಪಿದ್ರ ಮಣ್ಣು ಬೀಳೂದು ನನ್ನ ಬಾಯಾಗ."

"ನಾನಿದ್ದೀನಲ್ಲಮ್ಮ! ಸರ್ಕಾರಾನೇ ಇವರ ತವರುಮನೆ ಅಂದ್ಕೊಳ್ಳಿ."

ತವರು ಅನ್ನುವ ಮಾತನ್ನು ಚನ್ನಬಸಮ್ಮ ಗಂಟು ಕಟ್ಟಿಕೊಂಡಳು. ಅವಳು ಹೇಳಿದಳು, ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಎಲ್ಲರಿಗಿಂತ ಕೊನೆಗೆ ಬಂದವಳು ಸವಿತಾ. ಸೆಂಟ್ರಿಂಗ್ ಕೆಲಸದ ಸಂಗಣ್ಣನ ಹೆಂಡತಿ. ಮೊದಲ ಬಸಿರು ನಡುವೆಯೇ ಇಳಿದುಹೋಗಿತ್ತು, ಹಾಗಾಗಿ ಈ ಸಲ ನೆರಳಿಗೂ ಹೆದರುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಕೈಗೆ ಪಟ್ಟಿ ಸುತ್ತಿ ನೋಡಿ, "ಬಿಪಿ ಜಾಸ್ತಿ ಇದೆ ಕಣಮ್ಮ. ವಾರ ವಾರ ಬರೋದು ತಪ್ಪಿಸಬೇಡ" ಎಂದರು. ಸವಿತಾ ತಪ್ಪಿಸಲಿಲ್ಲ. ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿ ನಡೆಯಿತು.

ಒಂದು ದಿನ ಶಾಂಭವಿ ಬಂದು, ಅಂಗನವಾಡಿಯಲ್ಲಿ ಸಾಮೂಹಿಕ ಸೀಮಂತ ಮಾಡುತ್ತೇವೆ, ದೊಡ್ಡವರೆಲ್ಲ ಬರುತ್ತಾರೆ, ಸೀರೆ ಬಳೆ ನಾವೇ ತರುತ್ತೇವೆ, ಮಡಿಲು ತುಂಬುವವರು ನೀವೇ ಆಗಬೇಕು ಎಂದಳು. ಕುಬಸಕ್ಕೆ ಹಸಿರು ಸೀರೆ ತರಬೇಕಾದದ್ದು ಹೆತ್ತವಳು. ಚನ್ನಬಸಮ್ಮ ಆವತ್ತೇ ಸವಿತಾಳ ತಾಯಿ ಈಶ್ವರಮ್ಮನಿಗೆ ಫೋನ್ ಹಚ್ಚಿದಳು.

"ಈಶ್ವರವ್ವಾ, ಟೊಂಕದ ಬ್ಯಾನಿ ಇಟಗೊಂಡು ನೀ ರೈಲು ಹತ್ತಬ್ಯಾಡ. ಸೀರಿ, ಬಳಿ ಎಲ್ಲಾ ಸರಕಾರನ ಕೊಡ್ತದ. ಉಡಿ ನಾ ತುಂಬ್ತೀನಿ."

"ಸರಕಾರ ಸೀರಿ ಉಡಿಸ್ತದೇನವ್ವ? ಎಂಥಾ ಕಾಲ ಬಂತು! ನೀ ತುಂಬ್ತೀ ಅಂದ್ರ ಸೈ ಬಿಡು. ದೇವಕ್ಕನ ಮೊಮ್ಮಗಳು ಅಲ್ಲೇನು ನೀ."

ಆ ದಿನ ಶಾಮಿಯಾನ ಹಾಕಿದ್ದರು. ಬಸುರಿಯರನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ಹಸಿರು ಸೀರೆ ಉಡಿಸಿದರು. ಚನ್ನಬಸಮ್ಮ ತಲೆಗೆ ಎರೆದುಕೊಂಡು, ಸೆರಗು ಹೊದ್ದು, ಒಬ್ಬೊಬ್ಬರ ಉಡಿಗೂ ಅಕ್ಕಿ, ಕಾಯಿ, ರವಿಕೆಯ ಕಣ, ಉತ್ತತ್ತಿ ಹಾಕಿ ಸೋಬಾನೆ ಹೇಳಿದಳು. ಸವಿತಾಳ ಮುಂದೆ ಬಂದಾಗ ಇನ್ನೊಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದಳು. ಸವಿತಾ ನಗುತ್ತಿದ್ದಳು. ಫೋಟೋ ತೆಗೆದರು, ಭಾಷಣ ಮಾಡಿದರು, ಬಂದವರು ಕಾರು ಹತ್ತಿ ಹೋದರು.

ಕಾರಿನ ಧೂಳು ಇಳಿಯುವ ಮೊದಲೇ ಅಂಗನವಾಡಿಯ ಸಹಾಯಕಿ ದೊಡ್ಡ ಚೀಲ ಹಿಡಿದು ಬಂದಳು. "ಸೀರೆ ಬಿಚ್ಚಿ ಕೊಡ್ರಮ್ಮಾ, ಬೇಗ ಬೇಗ. ಕಾಯಿನೂ ಇದ್ರೊಳಗೆ ಹಾಕಿ. ಮಧ್ಯಾಹ್ನಕ್ಕೆ ಇನ್ನೊಂದು ಸೆಂಟರ್‌ನಲ್ಲಿ ಪ್ರೋಗ್ರಾಂ ಐತೆ."

ಚನ್ನಬಸಮ್ಮ ತಮಾಷೆ ಎಂದುಕೊಂಡು ನಕ್ಕಳು. ಆದರೆ ಸಹಾಯಕಿಯ ಕೈ ಆಗಲೇ ಸವಿತಾಳ ಉಡಿಯಲ್ಲಿತ್ತು. ಸವಿತಾ ಎರಡೂ ಕೈಯಲ್ಲಿ ಕಾಯಿ ಅವಚಿಕೊಂಡು, "ಅತ್ತೀ... ಅತ್ತೀ..." ಎಂದು ಚನ್ನಬಸಮ್ಮನನ್ನೇ ಕರೆಯುತ್ತಿದ್ದಳು.

"ಕೈ ತೆಗಿ!" ಎಂದು ಚನ್ನಬಸಮ್ಮ ನುಗ್ಗಿದಳು. "ಶಾಂಭವಿ ಯವ್ವಾ, ಏನಿದು?"

ಶಾಂಭವಿ ಮುಖ ಎತ್ತಲಿಲ್ಲ. "ಅಮ್ಮಾ, ಕೂಗ್ಬೇಡಿ. ಸೀರೆ ಅಂಗಡಿಯವರದ್ದು, ಸಂಜೆಗೆ ವಾಪಸ್ ಕೊಡ್ಬೇಕು. ಇದು ಡೆಮೊ ಅಷ್ಟೇ, ಜನಕ್ಕೆ ತಿಳುವಳಿಕೆ ಬರ್ಲಿ ಅಂತ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಉಡಿ ತುಂಬೂದ್ರಾಗೂ ಸುಳ್ಳು ಅಂತ ಒಂದು ಇರ್ತದೇನು?"

ಶಾಂಭವಿ ಗಾಡಿಯ ಕಡೆ ನಡೆದಳು. ಚೀಲ ತುಂಬಿತು, ಗಾಡಿ ಹೊರಟಿತು. ಬೀದಿ ನಾಟಕದಲ್ಲಿ ವೇಷ ಕಳಚಿದವರ ಹಾಗೆ ಹೆಂಗಸರು ತಮ್ಮ ಮಾಸಿದ ಸೀರೆಯಲ್ಲಿ ರೂಮಿಗೆ ನಡೆದರು.

ಆವತ್ತಿನಿಂದ ನಲ್ಲಿಯ ಹತ್ತಿರ ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು. "ಚನ್ನಬಸವ್ವನ ತವರು ನೋಡಿದ್ಯೇನ? ಸೀರಿ ಉಡಿಸಿ, ಫೋಟೋ ಹೊಡದು, ಬಿಚ್ಚಿಸಿಕೊಳ್ಳೂ ತವರು!" ರೊಟ್ಟಿ ಒಯ್ಯಲು ಬರುತ್ತಿದ್ದರು, ಮಾತಿಗೆ ನಿಲ್ಲುತ್ತಿರಲಿಲ್ಲ. ಒಬ್ಬೊಬ್ಬರೇ ಅಂಗನವಾಡಿ ಬಿಟ್ಟರು, ಮಾತ್ರೆ ಬಿಟ್ಟರು. ಸವಿತಾ ಆಸ್ಪತ್ರೆಯನ್ನೇ ಬಿಟ್ಟಳು. ಸಂಗಣ್ಣ ಬಂದು ಹೊಸ್ತಿಲಲ್ಲಿ ಕುಳಿತ.

"ಅತ್ತಿ, ಕಾಲು ಬಾತು ಕಂಬ ಆಗ್ಯಾವ. ಕಣ್ಣು ಮಂಜು ಅಂತಾಳ. ದವಾಖಾನಿಗೆ ನಡಿ ಅಂದ್ರ ಬರವಲ್ಲಳು."

ಚನ್ನಬಸಮ್ಮ ಹೋದಾಗ ಸವಿತಾ ಗೋಡೆಯ ಕಡೆ ತಿರುಗಿದಳು. "ಕರೀಬ್ಯಾಡ ಅತ್ತಿ. ಉಡಿ ಖಾಲಿ ಮಾಡಿದವರ ಹಂತ್ಯಾಕ ಕೂಸು ಕೇಳಾಕ ಹೋಗಲೇನು? ನಮ್ಮವ್ವ ಬರ್ತಿದ್ದಳು. ನೀನ ಬ್ಯಾಡ ಅಂದಿ."

ಈ ಮಾತು ಎದೆಗೆ ಬಾಚಿಯ ಹಾಗೆ ಬಿತ್ತು ಎಂದು ಚನ್ನಬಸಮ್ಮ ನನ್ನೆದುರು ಹೇಳಿದ್ದುಂಟು. ಆಗ ಅವಳು ರೂಮಿಗೆ ಬಂದು ಟ್ರಂಕು ತೆಗೆದಳು. ಅದರಲ್ಲಿ ಅವಳ ಸ್ವಂತ ಕುಬಸದ ಹಸಿರು ಇಳಕಲ್ ಸೀರೆ ಇತ್ತು. ಸತ್ತಾಗ ಇದನ್ನೇ ಹೊದಿಸಬೇಕು ಎಂದು ಇರಣ್ಣನಿಗೆ ಹೇಳಿಟ್ಟಿದ್ದಳು. ಬೀಸಲು ಇಟ್ಟ ಜೋಳವನ್ನು ಮೊರದಲ್ಲಿ ತುಂಬಿಕೊಂಡಳು. ನೆತ್ತಿಯ ಬಿಸಿಲಿನಲ್ಲಿ, ಸಾಲಿನವರೆಲ್ಲ ನೋಡುತ್ತಿರುವಾಗ, ಸವಿತಾಳಿಗೆ ಆ ಸೀರೆ ಉಡಿಸಿ ಉಡಿ ತುಂಬಿದಳು.

"ಇದು ನಮ್ಮ ದೇವಕ್ಕ ತುಂಬಿದಂಥಾ ಜ್ವಾಳ. ಯಾವಾಕಿನೂ ಇದಕ್ಕ ಕೈ ಹಾಕೂದಿಲ್ಲ. ಈಗ ಏಳು. ಉಡಿ ಕಟಗೊಂಡ ದವಾಖಾನಿಗೆ ನಡಿ."

ಸವಿತಾ ಎದ್ದಳು. ಗಂಟು ಕಟ್ಟಿದ ಸೆರಗಿನಿಂದ ಆಟೋದ ತುಂಬ ಕಾಳು ಉದುರಿದವು. ನರ್ಸಮ್ಮ ಪಟ್ಟಿ ಸುತ್ತಿ ನೋಡಿ, ಓಡಿ ಹೋಗಿ ಡಾಕ್ಟರನ್ನು ಕರೆತಂದರು. ನಾಳೆ ಎಂದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಬೈದರು. ಆಪರೇಷನ್ ಆಯಿತು. ಹೆಣ್ಣು ಕೂಸು, ಅಂಗೈ ಅಗಲದ್ದು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಬದುಕಿತು.

ಕೂಸು ಬದುಕಿತು. ಚನ್ನಬಸಮ್ಮನ ಮಾತು ಬದುಕಲಿಲ್ಲ. ಆ ಸಾಲಿನಲ್ಲಿ ಮತ್ತೆ ಬಸಿರಾದವರು ಅವಳಿಗೆ ಹೇಳುವುದನ್ನು ನಿಲ್ಲಿಸಿದ್ದರು. ಅವಳು ಬಡಿಯುವ ರೊಟ್ಟಿಯ ಸದ್ದಿನಲ್ಲಿ ಮೊದಲಿನ ತಾಳ ಇರಲಿಲ್ಲ.

ಸವಿತಾ ಆಸ್ಪತ್ರೆಯಿಂದ ಬಂದ ಮೇಲೆ ಶಾಂಭವಿ ಚನ್ನಬಸಮ್ಮನ ಒಲೆಯ ಹತ್ತಿರ ಬಂದಳು. ಕೈಯಲ್ಲಿ ಹೊಸ ಹಸಿರು ಸೀರೆಗಳ ಕಟ್ಟು.

"ಅಮ್ಮಾ, ತಪ್ಪಾಯ್ತು. ಮೇಲಿನವರಿಗೆ ಫೋಟೋ ಕಳಿಸಲೇಬೇಕಿತ್ತು, ಸೀರೆಗೆ ಅಂತ ಏನೂ ಬಂದಿರಲಿಲ್ಲ. ಇವು ನಾನೇ ತಂದಿದ್ದು, ಯಾರೂ ವಾಪಸ್ ಕೇಳಲ್ಲ. ನೀವು ಇವನ್ನ ಕೊಟ್ಟು ಕರೆದರೆ ಅವರು ಮತ್ತೆ ಬರ್ತಾರೆ. ಒಂದು ನಿಮಗೂ ಇದೆ. ನಿಮ್ಮ ಸೀರೆ ಕೊಟ್ಟುಬಿಟ್ರಂತೆ."

ಚನ್ನಬಸಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಸೀರೆಯ ಕಡೆ ನೋಡಲಿಲ್ಲ.

"ಕುಂದರು ಯವ್ವಾ, ಹಸದು ಬಂದಿದ್ರ ರೊಟ್ಟಿ ತಿನ್ನು. ಮಾತ್ರಿ ತಂದ್ರ ಇಸಗೊಂತೀವಿ, ತತ್ತಿ ತಂದ್ರ ಇಸಗೊಂತೀವಿ, ದವಾಖಾನಿಗೂ ನಮ್ಮ ಕಾಲ ಮ್ಯಾಲೆ ನಾವ ಹೋಗ್ತೀವಿ. ಅವೆಲ್ಲ ನಮ್ಮ ಪಾಲಿನವು. ಸೀರಿ ಮಾತ್ರ ಬ್ಯಾಡ. ನಾ ಸತ್ತಾಗ ಗೋಣಿ ಹೊದಿಸಲಿ, ನಿನ್ನ ಸೀರಿ ಬ್ಯಾಡ. ನೀ ತವರು ಅಂದಿ, ನಾ ನಂಬಿದ್ನಿ. ತವರು ಅಂದವರು ಉಡಿಗೆ ಕೈ ಹಾಕೂದಿಲ್ಲ. ಒಯ್ಯಿ."